ಬೇಸ್ ಸಾಲುಗಳ ಪುಸ್ತಕ: ಈ ತಿಂಗಳ ಪ್ರಗತಿ

ಮೈಸೂರು, ಮಂಡ್ಯ ಸೀಮೆಯ ವಾದ್ಯಗೋಷ್ಠಿಗಳಲ್ಲಿ ನಾನು ನುಡಿಸಿದ ಹಾಡುಗಳ ಬೇಸ್ ಗಿಟಾರ್ (ತಗ್ಗು ಸ್ವರಗಳ ಗಿಟಾರ್) ಸಾಲುಗಳನ್ನು ಬರೆದಿಡುವ ಕೆಲಸ ರಾಜನ್–ನಾಗೇಂದ್ರರನ್ನು ದಾಟಿ ಇಳಯರಾಜಾ ಅವರ ‘ಗೀತಾ’ (1981) ಚಿತ್ರಕ್ಕೆ ಬಂದು ನಿಂತಿದೆ. ನಿಂತಿದೆ ಎಂದರೆ ನಿಜಕ್ಕೂ ನಿಂತಿದೆ.

ಸಾಮಾನ್ಯವಾಗಿ ಬೇಸ್, ಕಾರ್ಡಿನ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪಿನ) ಮೂಲಸ್ವರವನ್ನು ಹಿಡಿದು ತಾಳದ ಜೊತೆ ಸಾಗುತ್ತದೆ. ಅಂಥದ್ದನ್ನು ಒಂದು ಸಂಜೆಯಲ್ಲಿ ಬರೆಯಬಹುದು. ಇಳಯರಾಜಾ ಬೇಸಿಗೆ ಅದರದೇ ರಾಗ ಕೊಡುತ್ತಾರೆ. ಗಾಯಕರು ಉಸಿರೆಳೆದುಕೊಳ್ಳುವಷ್ಟರಲ್ಲಿ ಅದು ಎಲ್ಲಿಗೋ ಹೋಗಿ ಬಂದಿರುತ್ತದೆ. ಗಣೇಶನ ಪೆಂಡಾಲಿನಲ್ಲಿ ನಾವು ಅದರ ಅರ್ಧದಷ್ಟು ಸ್ವರಗಳನ್ನು ಬಿಟ್ಟೇ ನುಡಿಸುತ್ತಿದ್ದೆವು. ಜನರೇಟರಿಗೆ ಸರಿಯಾದ ಅರ್ತಿಂಗ್ ಇಲ್ಲದೆ ಮೈಕಿಗೆ ತುಟಿ ತಾಗಿದರೆ ಶಾಕ್ ಹೊಡೆಯುವ ವೇದಿಕೆಯಲ್ಲಿ ಸ್ವರ ಎಣಿಸುವವರು ಯಾರು?

ಬೇಸಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಸಣ್ಣ ಸ್ಪೀಕರುಗಳಿಗೆ ಅದು ಎಟಕುವುದಿಲ್ಲ. ಹಾಗಾಗಿ ಹಾಡನ್ನು ಕಂಪ್ಯೂಟರಿನಲ್ಲಿ ಒಂದು ಸ್ಥಾಯಿ ಮೇಲೇರಿಸುತ್ತೇನೆ. 41 ಎಂಬುದು 82 ಆದ ಕೂಡಲೇ ಗುಡುಗುಡು ಸದ್ದು ಬಿಡಿಬಿಡಿ ಸ್ವರವಾಗಿ ಕೇಳಿಸುತ್ತದೆ. ಜೊತೆಗೆ ವೇಗವನ್ನು ಅರ್ಧಕ್ಕೆ ಇಳಿಸುತ್ತೇನೆ. ನನ್ನ ಹಳೆಯ ಕ್ಯಾಸೆಟ್‌ಗಳದು ಇನ್ನೊಂದು ತಕರಾರು: ಟೇಪು ತುಸು ಜೋರಾಗಿ ಓಡಿ ಶ್ರುತಿ ಎರಡು ಸ್ವರಗಳ ನಡುವೆ ಸಿಕ್ಕಿಕೊಂಡಿರುತ್ತದೆ. ಮೊದಲು ನಾಲ್ಕೂ ತಂತಿಗಳನ್ನು ಅದಕ್ಕೆ ಹೊಂದಿಸಿಕೊಂಡೇ ಕೂರಬೇಕು.

ತಂಡಗಳ ಪಟ್ಟಿ ಮಾತ್ರ ಬೇಗ ಮುಗಿಯಿತು. ಕಾಲೇಜಿನ ತಂಡ, ರಸಮಂಜರಿ ತಂಡಗಳು, ಕೆಲವು ವರ್ಷ ಒಂದು ಹೋಟೆಲಿನ ತಂಡ. ನವೆಂಬರ್ ಪೂರ್ತಿ ರಾಜ್ಯೋತ್ಸವ, ಉಳಿದಂತೆ ಮದುವೆಯ ಆರತಕ್ಷತೆ. ಆಮೇಲೆ ಕೀಬೋರ್ಡಿನವರ ಎಡಗೈ ನಮ್ಮ ಕೆಲಸವನ್ನು ವಹಿಸಿಕೊಂಡಿತು. ತಂಡದ ಯಜಮಾನರಿಗೆ ಒಂದು ಸಂಬಳ ಉಳಿಯಿತು, ವ್ಯಾನಿನಲ್ಲಿ ಒಂದು ಸೀಟು ಸಿಕ್ಕಿತು. ಅವರ ಲೆಕ್ಕ ತಪ್ಪೆಂದು ನಾನು ಹೇಳಲಾರೆ. ಆದರೆ ಎಡಗೈ ಬೇಸಿನಲ್ಲಿ ಜಾರು ಇರುವುದಿಲ್ಲ, ಒಂದು ಸ್ವರದಿಂದ ಇನ್ನೊಂದಕ್ಕೆ ತಂತಿಯ ಮೇಲೆ ಬೆರಳು ಉಜ್ಜಿಕೊಂಡು ಹೋಗುವ ಆ ಸದ್ದು. ಟ್ರ್ಯಾಕ್ (ಮೊದಲೇ ಮುದ್ರಿಸಿಟ್ಟ ವಾದ್ಯಸಂಗೀತ) ಹಾಕಿ ಹಾಡುವ ಕಾಲ ಬಂದ ಮೇಲೆ ಕೀಬೋರ್ಡಿನವರೂ ಮನೆಯಲ್ಲೇ ಉಳಿದರು.

ಪುಸ್ತಕದಲ್ಲಿ ಈ ಜಾರುಗಳಿಗೆ ಓರೆಗೆರೆ ಹಾಕುತ್ತಿದ್ದೇನೆ. ಗೆರೆ ನೋಡಿ ಹೊಸಬರು ನುಡಿಸಬಲ್ಲರೇ ಎಂದು ತಿಳಿಯಲು ತಮ್ಮನ ಮಗನ ಕೈಗೆ ಎರಡು ಹಾಳೆ ಕೊಟ್ಟೆ. ಸ್ವರಗಳು ಸರಿಯಾಗಿ ಬಂದವು, ನಡೆ ಬರಲಿಲ್ಲ. ಮುಂದಿನ ತಿಂಗಳು ನಮ್ಮ ಹಳೆಯ ಢೋಲಕ್ ವಾದಕರು ಬರಲು ಒಪ್ಪಿದ್ದಾರೆ. ಅವರ ಪೆಟ್ಟುಗಳನ್ನೂ ಪ್ರತಿ ಸಾಲಿನ ಕೆಳಗೆ ಗುರುತು ಮಾಡಬೇಕು. ಅಷ್ಟರೊಳಗೆ ನುಣುಪು ಸುತ್ತಿನ ತಂತಿಗಳನ್ನು ತರಿಸಬೇಕು. ಈಗಿರುವವು ಆ ಕಾಲದ ಸದ್ದಿಗೆ ತೀರಾ ಝಣಝಣ.