17 ವರ್ಷ ಆರದ ಸಿಟ್ಟು

ಸಿಯಾಟಲ್ ಪಕ್ಕದ ಬಾಥೆಲ್‌ನಲ್ಲಿ ನವೆಂಬರ್ ಬಂತೆಂದರೆ ಸಂಜೆ ನಾಲ್ಕೂವರೆಗೆಲ್ಲ ಕತ್ತಲಾಗತೊಡಗುತ್ತದೆ. ಮಂಡ್ಯದಿಂದ ಬಂದಿದ್ದ ಅಮ್ಮನಿಗೆ ಮನೆಯೊಳಗೇ ಕೂತು ಬೇಜಾರಾಗಿತ್ತು. "ಬಾ, ಕಾಗೆ ನೋಡ್ಕೊಂಡು ಬರೋಣ" ಅಂದೆ. "ಕಾಗೆ ನೋಡೋಕೆ ಅಮೆರಿಕಕ್ಕೆ ಬರಬೇಕಿತ್ತೇನೋ?" ಅಂತ ಗೊಣಗುತ್ತಲೇ ಸ್ವೆಟರ್ ಹಾಕಿಕೊಂಡಳು.

ವಾಷಿಂಗ್ಟನ್ ವಿಶ್ವವಿದ್ಯಾಲಯದ ಬಾಥೆಲ್ ಕ್ಯಾಂಪಸ್ಸಿಗೆ ಅಂಟಿಕೊಂಡೇ 58 ಎಕರೆ ಜೌಗು ಭೂಮಿ ಇದೆ. ಹಿಂದೆ ದನ ಮೇಯುತ್ತಿದ್ದ ಜಾಗ. ಕ್ಯಾಂಪಸ್ ಕಟ್ಟುವಾಗ ಗಿಡ ನೆಟ್ಟು ಮತ್ತೆ ಜೌಗು ಮಾಡಿದರು. ಮರ ಬೆಳೆದ ಮೇಲೆ ಕಾಗೆಗಳು ರಾತ್ರಿ ತಂಗಲು ಬಂದವು. ಚಳಿಗಾಲದಲ್ಲಿ ಒಂದೊಂದು ಸಂಜೆ 16,000 ಕಾಗೆ ಸೇರುವುದೂ ಉಂಟು.

ನಾನು ಛತ್ರಿ ಬಿಚ್ಚಿದೆ. "ಮಳೆ ಇಲ್ವಲ್ಲೋ." "ಮಳೆಗಲ್ಲಮ್ಮ." ಒಂದು ಹಿಕ್ಕೆ ಟಪ್ ಅಂತ ಬಿದ್ದ ಮೇಲೆ ಅವಳೇ ಛತ್ರಿಯೊಳಗೆ ಬಂದಳು.

ನಾಲ್ಕೂ ದಿಕ್ಕಿನಿಂದ ಬರುತ್ತಲೇ ಇದ್ದವು. ಬಂದವು ಸೀದಾ ಮಲಗುವ ಮರಕ್ಕೆ ಹೋಗುವುದಿಲ್ಲ. ಮೊದಲು ಆಟದ ಮೈದಾನ, ಕಟ್ಟಡಗಳ ಚಾವಣಿ ಎಲ್ಲಾ ಕಪ್ಪು ಮಾಡಿಕೊಂಡು ಕೂರುತ್ತವೆ. ತಳ್ಳಾಟ, ಕೂಗಾಟ. ಪೂರ್ತಿ ಕತ್ತಲಾಗುವ ಹೊತ್ತಿಗೆ ಗುಂಪು ಗುಂಪಾಗಿ ಎದ್ದು ಜೌಗಿನ ಮರಗಳಿಗೆ ಇಳಿಯುತ್ತವೆ. ಅಮ್ಮ ಬೇಲಿ ಮೇಲೆ ಕೂತಿದ್ದ ಒಂದನ್ನು ದಿಟ್ಟಿಸಿ ನೋಡಿ, "ಇದಕ್ಕೆ ಕುತ್ತಿಗೆ ಹತ್ರ ಬೂದಿ ಬಣ್ಣ ಇಲ್ಲ. ನಮ್ಮ ಕಾಡುಕಾಗೆ ಥರ" ಅಂದಳು. ಅದು ತಲೆ ವಾರೆ ಮಾಡಿ ಇವಳನ್ನೇ ನೋಡಿತು.

"ಮುಖ ಗುರುತು ಇಟ್ಕೊಳ್ತಿದೆ, ಹುಷಾರು" ಅಂದು ಇದೇ ವಿಶ್ವವಿದ್ಯಾಲಯದ ಪಕ್ಷಿ ವಿಜ್ಞಾನಿ ಜಾನ್ ಮಾರ್ಜ್‌ಲಫ್ ಅವರ ಕಥೆ ಶುರು ಮಾಡಿದೆ. 2006ರಲ್ಲಿ ಅವರು ಸಿಯಾಟಲ್ ಕ್ಯಾಂಪಸ್ಸಿನಲ್ಲಿ ಗುಹಾಮಾನವನ ರಬ್ಬರ್ ಮುಖವಾಡ ಹಾಕಿಕೊಂಡು 7 ಕಾಗೆ ಹಿಡಿದು, ಕಾಲಿಗೆ ಬಳೆ ತೊಡಿಸಿ ಬಿಟ್ಟರು. ಆಮೇಲೆ ಆ ಮುಖವಾಡದಲ್ಲಿ ಯಾರೇ ಓಡಾಡಿದರೂ ಕಾಗೆಗಳು ಮೈಮೇಲೆ ಎರಗುವಂತೆ ಬಂದು ಬೈಯತೊಡಗಿದವು. ಹೋಲಿಸಿ ನೋಡಲು ಇನ್ನೊಂದು ಮುಖವಾಡ ಬೇಕಿತ್ತು. ಅದಕ್ಕೆ ಆಗಿನ ಉಪಾಧ್ಯಕ್ಷ ಡಿಕ್ ಚೆನಿಯ ಮುಖವನ್ನೇ ಆರಿಸಿದ್ದರು! ಚೆನಿಯನ್ನು ಕಾಗೆಗಳು ಕ್ಯಾರೇ ಅನ್ನಲಿಲ್ಲ.

"ಇದಕ್ಕೆಲ್ಲ ಮುಖವಾಡ ಬೇಕಿತ್ತಾ? ನಮ್ಮತ್ತೆ ಅನ್ನ ಇಟ್ಟರೆ ತಕ್ಷಣ ಬರೋವು, ನಾನಿಟ್ಟರೆ ದೂರ ಕೂರೋವು" ಅಂದಳು ಅಮ್ಮ.

ಆದರೆ ಕಾಗೆ ಅಜ್ಜಿಯ ಮುಖ ನೋಡಿತ್ತೋ, ಸೀರೆಯನ್ನೋ, ನಡಿಗೆಯನ್ನೋ? ಅದನ್ನು ಬಿಡಿಸಿ ನೋಡುವುದಕ್ಕೇ ಮುಖವಾಡ. ಗಂಡಸರು, ಹೆಂಗಸರು, ಕುಳ್ಳರು, ಉದ್ದದವರು ಎಲ್ಲರೂ ಅದನ್ನೇ ಹಾಕಿಕೊಂಡು ನಡೆದರು. ಬಟ್ಟೆ ಬೇರೆ, ನಡಿಗೆ ಬೇರೆ, ಬೈಗುಳ ಮಾತ್ರ ಒಂದೇ. ನನಗೆ ಈ ಪ್ರಯೋಗದಲ್ಲಿ ಜಾಸ್ತಿ ಇಷ್ಟ ಆಗೋದೇ ಈ ಜಾಣತನ. ಅಮ್ಮನ ಮಾತು ಸುಳ್ಳಲ್ಲ, ಆದರೆ ಮಾತು ಸಾಲದು.

ಇನ್ನೂ ದೊಡ್ಡ ವಿಷಯ ಬೇರೆಯೇ ಇದೆ. ಹಿಡಿದಿದ್ದು 7 ಕಾಗೆ. ಎರಡು ವರ್ಷದ ಮೇಲೆ ಮಾರ್ಜ್‌ಲಫ್ ಮುಖವಾಡ ಹಾಕಿಕೊಂಡು ಒಂದು ಸುತ್ತು ಬಂದಾಗ ಎದುರಾದ 53 ಕಾಗೆಗಳಲ್ಲಿ 47 ಬೈದವು. ಒಂದು ಕೂಗಿದರೆ ಅಕ್ಕಪಕ್ಕದವು ಬಂದು ಸೇರುತ್ತವೆ, ಯಾರಿಗೆ ಬೈಯಬೇಕು ಅಂತ ನೋಡಿ ಕಲಿಯುತ್ತವೆ. ಅಪ್ಪ ಅಮ್ಮ ಬೈಯುವುದನ್ನು ಕಂಡ ಮರಿಗಳೂ ಕಲಿತವು. ಆ ಮರಿಗಳು ಬಲೆಯನ್ನು ಕಂಡೇ ಇರಲಿಲ್ಲ. ಐದು ವರ್ಷದಲ್ಲಿ ಈ ಸುದ್ದಿ ಒಂದು ಕಿಲೋಮೀಟರಿಗೂ ಆಚೆ ಹಬ್ಬಿತ್ತು.

ಅಮ್ಮ ನಿಂತಲ್ಲೇ ನಕ್ಕಳು. "ನಮ್ಮ ಬದುವಿನ ಜಗಳದ ಥರ. ಜಗಳ ಆಡಿದೋರು ಹೋಗಿಬಿಟ್ರು. ಮೊಮ್ಮಕ್ಕಳು ಮದುವೆಮನೇಲಿ ಎದುರು ಸಿಕ್ಕಿದ್ರೂ ಮುಖ ತಿರುಗಿಸ್ತಾರೆ."

ಚಳಿ ಜೋರಾಯಿತು, ಕಾರಿಗೆ ವಾಪಸ್ ಬಂದೆವು. ಕರೆಂಟ್ ತಂತಿಗೆ ಸಿಕ್ಕಿ ಕಾಗೆ ಸತ್ತರೆ ಬೀದಿ ಕಾಗೆಯೆಲ್ಲ ಸೇರುವುದನ್ನು ನೆನೆಸಿಕೊಂಡು, "ಅದನ್ನೂ ಯಾರಾದ್ರೂ ನೋಡಿದಾರಾ?" ಅಂತ ಕೇಳಿದಳು. ನೋಡಿದ್ದಾರೆ. ಕೇಲಿ ಸ್ವಿಫ್ಟ್ ಅನ್ನುವವರ ಪ್ರಯೋಗದಲ್ಲಿ ಮುಖವಾಡದ ಜನ ಸತ್ತ ಕಾಗೆ ಹಿಡಿದು ನಿಂತರು. ಕಾಗೆಗಳು ಆ ಮುಖ ಮರೆಯಲಿಲ್ಲ. ಆ ಜಾಗದಲ್ಲಿ ತಿಂಡಿ ಇಟ್ಟರೂ ಹತ್ತಿರ ಬರಲು ಹಿಂದೇಟು ಹಾಕಿದವು. ಅಲ್ಲಿ ಅಪಾಯ ಏನಿದೆ ಅಂತ ತಿಳಿಯುವುದೂ ಗುಂಪು ಸೇರುವುದಕ್ಕೆ ಒಂದು ಕಾರಣ ಅನ್ನುತ್ತಾರೆ ಸ್ವಿಫ್ಟ್. ಬರೀ ದುಃಖ ಅಂತ ಹೇಳಿಬಿಡುವುದು ನಮಗೆ ಸುಲಭ, ಅಲ್ವಾ?

"ಆ ಮುಖವಾಡಕ್ಕೆ ಈಗಲೂ ಬೈತಾವಾ?"

"ಇಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಹಾಕ್ಕೊಂಡು ಹೋದಾಗ ಒಂದೂ ಬೈಲಿಲ್ಲವಂತೆ. ಹದಿನೇಳು ವರ್ಷ ಆಗಿತ್ತು. ಹಿಡಿಸಿಕೊಂಡಿದ್ದ ಕಾಗೆಗಳೇ ಅಷ್ಟರಲ್ಲಿ ಹೆಚ್ಚುಕಮ್ಮಿ ಎಲ್ಲಾ ಹೋಗಿರಬೇಕು."

ಅಮ್ಮ ಸೀಟ್ ಬೆಲ್ಟ್ ಎಳೆದುಕೊಳ್ಳುತ್ತಾ, "ಬರೀ ಹದಿನೇಳಾ? ನಮ್ಮ ಬದುವಿಂದು ನಲವತ್ತು ದಾಟಿದೆ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಆ ಮೇಷ್ಟ್ರು ಮಧ್ಯದಲ್ಲಿ ಒಂದು ಹಿಡಿ ಅನ್ನ ಹಾಕಿದ್ರೆ ಇನ್ನೂ ಬೇಗ ಮುಗೀತಿತ್ತು."