ವಾರಂಟಿ ಮುಗಿದ ಲ್ಯಾಪ್‌ಟಾಪ್ ಮತ್ತು ‘ಬೋರ್ಡ್ ಹೋಗಿದೆ’ ಎಂಬ ಉತ್ತರ

ವಾರಂಟಿ ಮುಗಿದ ಲ್ಯಾಪ್‌ಟಾಪ್ ಕೆಟ್ಟು ನಿಂತಾಗ ಸರ್ವಿಸ್ ಸೆಂಟರ್‌ನಲ್ಲಿ ಹೆಚ್ಚಾಗಿ ಕೇಳಿಬರುವ ಉತ್ತರ ‘ಬೋರ್ಡ್ ಹೋಗಿದೆ, ಬದಲಾಯಿಸಬೇಕು’ ಎಂಬುದು. ಬೋರ್ಡ್ ಎಂದರೆ ಮದರ್‌ಬೋರ್ಡ್, ಯಂತ್ರದ ಎಲ್ಲ ಭಾಗಗಳೂ ಬಂದು ಸೇರುವ ಮುಖ್ಯ ಹಲಗೆ. ನನ್ನ ಲ್ಯಾಪ್‌ಟಾಪ್ ಪವರ್ ಬಟನ್ ಒತ್ತಿದರೂ ಅಲುಗದೆ, ಚಾರ್ಜಿಂಗ್ ದೀಪವೂ ಬೆಳಗದೆ ಸತ್ತಂತೆ ಬಿದ್ದಾಗ ನನಗೆ ಸಿಕ್ಕಿದ್ದೂ ಇದೇ ಉತ್ತರ. ಹೊಸ ಬೋರ್ಡಿನ ಬೆಲೆಗೆ ಕೂಲಿಯನ್ನೂ ಸೇರಿಸಿದರೆ ಅಷ್ಟೇ ಶಕ್ತಿಯ ಹೊಸ ಯಂತ್ರದ ಅರ್ಧ ಬೆಲೆಯನ್ನು ಮೀರುತ್ತಿತ್ತು. ಕೊನೆಗೆ ಅದೇ ಬೋರ್ಡಿನಿಂದ ಒಂದು ಸಣ್ಣ ಕೆಪಾಸಿಟರನ್ನು (ವಿದ್ಯುತ್ತನ್ನು ಸ್ವಲ್ಪ ಹೊತ್ತು ಹಿಡಿದಿಡುವ ಬಿಡಿಭಾಗ) ಕಿತ್ತು ಇನ್ನೊಂದನ್ನು ಬೆಸೆದ ಮೇಲೆ ಯಂತ್ರ ಮೊದಲಿನಂತೆಯೇ ಕೆಲಸ ಮಾಡಿತು, ಇಂದಿಗೂ ಮಾಡುತ್ತಿದೆ. ಒಂದೇ ದೋಷಕ್ಕೆ ಇಷ್ಟು ಬೇರೆಬೇರೆ ಪರಿಹಾರಗಳು ಹೇಗೆ ಸಿಗುತ್ತವೆ ಎಂಬುದು ಗೊತ್ತಿದ್ದರೆ ಇನ್ನಷ್ಟು ಕಾಲ ಬಾಳಬಹುದಾದ ಯಂತ್ರಗಳು ಕಸಕ್ಕೆ ಸೇರುವುದು ತಪ್ಪುತ್ತದೆ ಎಂಬ ನಂಬಿಕೆಯಿಂದ ಇದನ್ನು ಬರೆಯುತ್ತಿದ್ದೇನೆ.

ಸರ್ವಿಸ್ ಸೆಂಟರ್‌ನವರು ಸುಳ್ಳು ಹೇಳುತ್ತಾರೆ ಎಂದು ನಾನು ಹೇಳುತ್ತಿಲ್ಲ. ಅವರ ಕೆಲಸದ ಕ್ರಮವೇ ಹಾಗಿರುತ್ತದೆ. ಪರದೆ, ಕೀಬೋರ್ಡ್, ಬ್ಯಾಟರಿ, ಬೋರ್ಡ್ ಎಂದು ಯಂತ್ರವನ್ನು ಕೆಲವೇ ಭಾಗಗಳಾಗಿ ನೋಡಿ, ಯಾವ ಭಾಗ ಕೆಟ್ಟಿದೆಯೋ ಅದನ್ನು ಇಡಿಯಾಗಿ ಬದಲಾಯಿಸುವುದಕ್ಕೆ ಅವರಿಗೆ ತರಬೇತಿ ಇರುತ್ತದೆ. ವಾರಂಟಿ ಇರುವಷ್ಟು ದಿನ ಇದು ಗ್ರಾಹಕರಿಗೂ ಒಳ್ಳೆಯದೇ. ಕೆಲಸ ಬೇಗ ಮುಗಿಯುತ್ತದೆ, ಬೆಲೆಯನ್ನು ಕಂಪನಿ ಭರಿಸುತ್ತದೆ. ವಾರಂಟಿ ಮುಗಿದ ಮರುದಿನದಿಂದ ಅದೇ ಕ್ರಮ ನಮ್ಮ ಜೇಬಿನ ಮೇಲೆ ಬೀಳುತ್ತದೆ. ಇಂದಿನ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರ್ ಬೋರ್ಡಿಗೇ ಬೆಸೆದುಕೊಂಡಿರುತ್ತದೆ, ತೆಳುವಾದ ಮಾದರಿಗಳಲ್ಲಿ ರ‍್ಯಾಮ್ ಕೂಡ ಹಾಗೆಯೇ. ಆದ್ದರಿಂದ ಬೋರ್ಡ್ ಬದಲಾಯಿಸುವುದೆಂದರೆ ಚೆನ್ನಾಗಿರುವ ಪ್ರೊಸೆಸರ್ ಮತ್ತು ರ‍್ಯಾಮ್‌ಗಳನ್ನೂ ಎಸೆದು ಅವನ್ನೇ ಮತ್ತೊಮ್ಮೆ ಕೊಂಡಂತಾಗುತ್ತದೆ.

ಯಂತ್ರವನ್ನು ಯಾರ ಕೈಗಾದರೂ ಕೊಡುವ ಮೊದಲು ಮನೆಯಲ್ಲೇ ಮಾಡಬಹುದಾದ ಕೆಲವು ಪರೀಕ್ಷೆಗಳಿವೆ. ಅಡಾಪ್ಟರನ್ನು ತೆಗೆದು, ಬ್ಯಾಟರಿ ಹೊರಬರುವಂಥದ್ದಾದರೆ ಅದನ್ನೂ ತೆಗೆದು, ಪವರ್ ಬಟನ್ನನ್ನು ಅರ್ಧ ನಿಮಿಷದವರೆಗೆ ಒತ್ತಿ ಹಿಡಿದು ಆಮೇಲೆ ಅಡಾಪ್ಟರ್ ಒಂದನ್ನೇ ಜೋಡಿಸಿ ನೋಡಬೇಕು. ಒಳಗೆ ಉಳಿದಿದ್ದ ವಿದ್ಯುತ್ತಿನಿಂದ ಸಿಕ್ಕಿಕೊಂಡಿದ್ದ ನಿಯಂತ್ರಕ ಇದರಿಂದಲೇ ಸರಿಹೋಗುವುದುಂಟು. ಅದೇ ಮಾದರಿಯ, ಅಷ್ಟೇ ವ್ಯಾಟ್‌ನ ಬೇರೆ ಅಡಾಪ್ಟರ್ ಸಿಕ್ಕರೆ ಹಾಕಿ ನೋಡುವುದು ಎರಡನೆಯದು. ಫ್ಯಾನ್ ತಿರುಗುತ್ತಿದ್ದು ಪರದೆ ಮಾತ್ರ ಕಪ್ಪಾಗಿದ್ದರೆ, ಕತ್ತಲೆಯಲ್ಲಿ ಪರದೆಗೆ ಓರೆಯಾಗಿ ಟಾರ್ಚ್ ಹಿಡಿಯಬೇಕು. ಚಿತ್ರ ಮಸುಕಾಗಿ ಕಂಡರೆ ಕೆಟ್ಟಿರುವುದು ಹಿಂಬದಿಯ ಬೆಳಕಿನ ವ್ಯವಸ್ಥೆ. ಏನೂ ಕಾಣದೆ, ಹೊರಗಿನ ಮಾನಿಟರ್ ಜೋಡಿಸಿದಾಗ ಅಲ್ಲಿ ಚಿತ್ರ ಸರಿಯಾಗಿ ಬಂದರೆ ಅನುಮಾನ ಪರದೆಯ ಮೇಲೆ ಅಥವಾ ಅದರ ಕೇಬಲ್ ಮೇಲೆ. ಟಚ್‌ಪ್ಯಾಡ್ ಮೇಲೆದ್ದಂತೆ ಕಂಡರೆ ಅಥವಾ ತಳದ ಮುಚ್ಚಳ ಉಬ್ಬಿದ್ದರೆ ಬ್ಯಾಟರಿ ಊದಿಕೊಂಡಿದೆ ಎಂದೇ ತಿಳಿದು ಯಂತ್ರವನ್ನು ಕೂಡಲೇ ಆರಿಸಬೇಕು, ಚಾರ್ಜ್‌ಗೆ ಹಾಕಬಾರದು, ಅದನ್ನು ಒತ್ತಿ ಸರಿಮಾಡಲಂತೂ ಹೋಗಲೇಬಾರದು. ಲಿಥಿಯಂ ಬ್ಯಾಟರಿಗೆ ತೂತು ಬಿದ್ದರೆ ಬೆಂಕಿ ಹತ್ತಿಕೊಳ್ಳಬಹುದು.

ವಾರಂಟಿ ಮುಗಿದಿದ್ದರೂ ಸೀರಿಯಲ್ ನಂಬರ್ ಹಾಕಿ ತಯಾರಕರ ವೆಬ್‌ಸೈಟಿನಲ್ಲಿ ಒಮ್ಮೆ ಹುಡುಕುವುದನ್ನು ಬಿಡಬಾರದು. ಒಂದು ಮಾದರಿಯಲ್ಲಿ ತಯಾರಿಕೆಯದೇ ದೋಷ ಇದೆ ಎಂದು ಒಪ್ಪಿಕೊಂಡಾಗ ಕಂಪನಿಗಳು ವಾರಂಟಿಯ ಆಚೆಗೂ ಉಚಿತವಾಗಿ ರಿಪೇರಿ ಮಾಡಿಕೊಡುವುದುಂಟು. ಆ್ಯಪಲ್ 2018ರಲ್ಲಿ ತನ್ನ ಕೆಲವು ಮ್ಯಾಕ್‌ಬುಕ್‌ಗಳ ಕೀಬೋರ್ಡ್‌ಗಳಿಗೆ, ಕೊಂಡ ದಿನದಿಂದ 4 ವರ್ಷದವರೆಗೆ ಇಂಥ ಸೌಲಭ್ಯ ಕೊಟ್ಟಿತು; 2019ರಲ್ಲಿ ಕೆಲವು 15 ಇಂಚಿನ ಮ್ಯಾಕ್‌ಬುಕ್ ಪ್ರೊಗಳ ಬ್ಯಾಟರಿಗಳನ್ನು ಹಿಂಪಡೆಯಿತು. ನನ್ನ ಯಂತ್ರಕ್ಕೆ ಅಂಥದ್ದೇನೂ ಇರಲಿಲ್ಲ.

ಆಮೇಲೆ ನಾನು ಹೋದದ್ದು ಚಿಪ್ ಲೆವೆಲ್ ರಿಪೇರಿ, ಅಂದರೆ ಇಡೀ ಬೋರ್ಡಿನ ಬದಲು ಅದರ ಮೇಲಿನ ಕೆಟ್ಟ ಬಿಡಿಭಾಗವನ್ನಷ್ಟೇ ಬದಲಾಯಿಸುವ ಕೆಲಸ, ಮಾಡುವ ತಂತ್ರಜ್ಞರ ಬಳಿಗೆ. ಅವರು ಬೋರ್ಡನ್ನು ಹೊರತೆಗೆದು ಮೊದಲು ಬರಿಗಣ್ಣಿನಿಂದ, ಆಮೇಲೆ ಸೂಕ್ಷ್ಮದರ್ಶಕದಡಿ ನಿಧಾನವಾಗಿ ನೋಡಿದರು. ಎಲ್ಲಿಯೂ ಸುಟ್ಟ ಗುರುತಾಗಲಿ, ನೀರು ತಗುಲಿದ ಹಸಿರು ಕಿಲುಬಾಗಲಿ ಇರಲಿಲ್ಲ. ಅಡಾಪ್ಟರ್‌ನಿಂದ ಬರುವ 19 ಅಥವಾ 20 ವೋಲ್ಟ್ ಬೋರ್ಡಿನೊಳಗೆ ಮೊದಲು ಒಂದು ಮುಖ್ಯ ಮಾರ್ಗಕ್ಕೆ ಸೇರುತ್ತದೆ, ಅಲ್ಲಿಂದ 5 ವೋಲ್ಟ್, 3.3 ವೋಲ್ಟ್, ಪ್ರೊಸೆಸರ್‌ಗೆ ಬೇಕಾದ ಸುಮಾರು 1 ವೋಲ್ಟ್ ಎಂದು ಹಂತ ಹಂತವಾಗಿ ಇಳಿಯುತ್ತದೆ ಎಂದು ವಿವರಿಸುತ್ತಲೇ ಅವರು ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಗ್ರೌಂಡಿಗೂ (ವಿದ್ಯುತ್ತು ಹಿಂದಿರುಗುವ, ಸೊನ್ನೆ ವೋಲ್ಟಿನ ಮಾರ್ಗ) ಇನ್ನೊಂದನ್ನು ಆ ಮುಖ್ಯ ಮಾರ್ಗಕ್ಕೂ ತಾಗಿಸಿದರು. ಮೀಟರ್ ‘ಬೀಪ್’ ಎಂದಿತು. ಅಲ್ಲಿ ಸಾಕಷ್ಟು ರೋಧ ಇರಬೇಕಿತ್ತು. ಇದ್ದದ್ದು ಹೆಚ್ಚುಕಡಿಮೆ ಸೊನ್ನೆ. ಮುಖ್ಯ ಮಾರ್ಗವೇ ಗ್ರೌಂಡಿಗೆ ಶಾರ್ಟ್ ಆಗಿದ್ದರಿಂದ, ಅಂದರೆ ನೇರವಾಗಿ ತಾಗಿಕೊಂಡಿದ್ದರಿಂದ, ಚಾರ್ಜಿಂಗನ್ನು ನಿಯಂತ್ರಿಸುವ ಚಿಪ್ ಅಪಾಯವನ್ನರಿತು ವಿದ್ಯುತ್ತನ್ನು ಒಳಗೆ ಬಿಡುತ್ತಲೇ ಇರಲಿಲ್ಲ. ಯಂತ್ರ ಸತ್ತಂತೆ ಕಾಣುತ್ತಿದ್ದುದು ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದ್ದುದರಿಂದ.

ಆ ಮಾರ್ಗದಲ್ಲಿ ಹತ್ತಾರು ಸೆರಾಮಿಕ್ ಕೆಪಾಸಿಟರ್‌ಗಳು ಅಕ್ಕಪಕ್ಕದಲ್ಲಿ ಒಂದೇ ತಂತಿಗೆ ಜೋಡಿಸಿದಂತಿರುತ್ತವೆ, ಆದ್ದರಿಂದ ಯಾವುದಕ್ಕೆ ಮೀಟರ್ ಹಿಡಿದರೂ ಎಲ್ಲವೂ ಶಾರ್ಟ್ ಆದಂತೆಯೇ ತೋರುತ್ತದೆ. ಅವುಗಳಲ್ಲಿ ತಪ್ಪಿತಸ್ಥನನ್ನು ಹಿಡಿದ ಬಗೆಯನ್ನು ನಾನು ಮರೆಯಲಾರೆ. ಪ್ರಯೋಗಾಲಯಗಳಲ್ಲಿ ಬಳಸುವಂಥ ಪವರ್ ಸಪ್ಲೈ ಒಂದರಿಂದ ಕೇವಲ 1 ವೋಲ್ಟನ್ನು ಆ ಮಾರ್ಗಕ್ಕೆ ಕೊಟ್ಟು, ಬೋರ್ಡಿನ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲನ್ನು ತೆಳ್ಳಗೆ ಸವರಿದರು. ಶಾರ್ಟ್ ಆಗಿರುವ ಜಾಗದಲ್ಲಿ ವಿದ್ಯುತ್ತೆಲ್ಲ ಹರಿದು ಅದು ಮಾತ್ರ ಬಿಸಿಯಾಗುತ್ತದೆ. ಕೆಲವೇ ಕ್ಷಣಗಳಲ್ಲಿ ಒದ್ದೆಯಾಗಿ ಮಿನುಗುತ್ತಿದ್ದ ಬೋರ್ಡಿನ ಒಂದು ಮೂಲೆಯಲ್ಲಿ, 2 ಮಿಲಿಮೀಟರ್‌ನಷ್ಟು ಉದ್ದದ ಕಂದು ಬಣ್ಣದ ಒಂದು ಕೆಪಾಸಿಟರಿನ ಸುತ್ತ ಮಾತ್ರ ಆಲ್ಕೊಹಾಲ್ ಆರಿ ಒಣ ವೃತ್ತವೊಂದು ಮೂಡಿತು. ಬಿಸಿಗಾಳಿಯ ಯಂತ್ರದಿಂದ ಅದನ್ನು ತೆಗೆದು ಮತ್ತೆ ಮೀಟರ್ ಹಿಡಿದಾಗ ಶಾರ್ಟ್ ಹೋಗಿತ್ತು. ಅದು ಇಲ್ಲದೆಯೂ ಯಂತ್ರ ಆನ್ ಆಗುತ್ತಿತ್ತು, ಆದರೆ ಅವರು ಅಷ್ಟಕ್ಕೇ ಬಿಡದೆ ಅದೇ ಧಾರಣಶಕ್ತಿಯ, ಅದೇ ವೋಲ್ಟೇಜ್ ತಡೆಯುವ ಇನ್ನೊಂದನ್ನು ಆ ಜಾಗದಲ್ಲಿ ಬೆಸೆದರು. ಒಳ್ಳೆಯ ಕೆಲಸಗಾರರನ್ನು ಗುರುತಿಸಲು ಈ ಒಂದು ನಡೆ ಸಾಕು.

ಸೆರಾಮಿಕ್ ಕೆಪಾಸಿಟರ್ ಹೀಗೆ ಕೆಡಲು ಬಳಸುವವರು ಏನೂ ಮಾಡಿರಬೇಕಾಗಿಲ್ಲ. ಪದರ ಪದರವಾಗಿ ಕಟ್ಟಿದ ಗಡಸು ವಸ್ತು ಅದು. ಬೋರ್ಡ್ ಸ್ವಲ್ಪ ಬಾಗಿದರೂ, ಬಿಸಿ ಮತ್ತು ತಂಪು ಮತ್ತೆ ಮತ್ತೆ ಆಗುತ್ತಿದ್ದರೂ ಅದರೊಳಗೆ ಕಣ್ಣಿಗೆ ಕಾಣದ ಬಿರುಕು ಬಿಟ್ಟು ಪದರಗಳು ಒಂದಕ್ಕೊಂದು ತಾಗಿಬಿಡಬಹುದು.

ಎಲ್ಲ ಬೋರ್ಡುಗಳೂ ಹೀಗೆ ಬದುಕಿಬರುತ್ತವೆ ಎಂದು ಭರವಸೆ ಕೊಡಲು ಬರುವುದಿಲ್ಲ. ಪ್ರೊಸೆಸರ್‌ಗೆ ವಿದ್ಯುತ್ ಕೊಡುವ ಹಂತದಲ್ಲಿ ಮೇಲುಬದಿಯ ಮಾಸ್‌ಫೆಟ್ (ವಿದ್ಯುತ್ತನ್ನು ಹರಿಸುವ, ತಡೆಯುವ ಸ್ವಿಚ್‌ನಂಥ ಭಾಗ) ಶಾರ್ಟ್ ಆದರೆ 1 ವೋಲ್ಟ್ ಹೋಗಬೇಕಾದಲ್ಲಿಗೆ 19 ವೋಲ್ಟ್ ನೇರವಾಗಿ ನುಗ್ಗಿ ಪ್ರೊಸೆಸರೇ ಸುಟ್ಟುಹೋಗುತ್ತದೆ. ಆಗ ‘ಬೋರ್ಡ್ ಹೋಗಿದೆ’ ಎಂಬುದು ಅಕ್ಷರಶಃ ನಿಜ. ನೀರು ಬಿದ್ದು ಕಿಲುಬು ಹಿಡಿದ ಬೋರ್ಡು ಒಂದು ಕಡೆ ಸರಿಹೋದರೂ ಇನ್ನೊಂದು ಕಡೆ ಕೈಕೊಡಬಹುದು. ಗ್ರಾಫಿಕ್ಸ್ ಚಿಪ್ಪನ್ನು ಕೇವಲ ಬಿಸಿಮಾಡಿ ‘ರಿಫ್ಲೋ’ ಮಾಡಿಕೊಡುತ್ತೇವೆ ಎಂದರೆ ಒಪ್ಪದಿರುವುದು ಒಳ್ಳೆಯದು. ಅಲ್ಲಿ ಅನೇಕ ವೇಳೆ ದೋಷ ಇರುವುದು ಚಿಪ್ಪಿನ ಒಳಗಿನ ಸಂಪರ್ಕಗಳಲ್ಲಿ. ಬಿಸಿಮಾಡಿದಾಗ ತಾತ್ಕಾಲಿಕವಾಗಿ ಕೂಡಿಕೊಂಡರೂ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಮತ್ತೆ ಬಿಟ್ಟುಕೊಳ್ಳುತ್ತವೆ. ಯಾವ ಭಾಗ ಕೆಟ್ಟಿದೆ, ಅದನ್ನು ಹೇಗೆ ಪತ್ತೆಹಚ್ಚಿದಿರಿ ಎಂದು ಕೇಳಿದಾಗ ಸ್ಪಷ್ಟವಾದ ಉತ್ತರ ಕೊಡದವರ ಕೈಗೆ ನಾನು ಬೋರ್ಡನ್ನು ಕೊಡುವುದಿಲ್ಲ.

ಈ ಕೆಲಸಕ್ಕೆ ಬೇಕಾದ ಮಾಹಿತಿ ಹೊರಗಿನವರಿಗೆ ಸುಲಭವಾಗಿ ಸಿಗುವುದಿಲ್ಲ ಎಂಬುದು ನನ್ನನ್ನು ಬಹಳ ಕಾಡುವ ವಿಷಯ. ಡೆಲ್, ಎಚ್‌ಪಿ, ಲೆನೊವೊಗಳು ಯಂತ್ರವನ್ನು ಬಿಚ್ಚಿ ಜೋಡಿಸುವ ಕೈಪಿಡಿಗಳನ್ನು ಎಲ್ಲರಿಗೂ ಸಿಗುವಂತೆ ಪ್ರಕಟಿಸುತ್ತವೆ, ಅದು ಮೆಚ್ಚಬೇಕಾದದ್ದು. ಆದರೆ ಬೋರ್ಡಿನ ಸರ್ಕ್ಯೂಟ್ ನಕ್ಷೆಗಳು ಆ ಕೈಪಿಡಿಗಳಲ್ಲಿ ಇರುವುದಿಲ್ಲ. ಫ್ರಾನ್ಸ್ 2021ರ ಜನವರಿಯಿಂದ ಲ್ಯಾಪ್‌ಟಾಪ್‌ಗಳ ಮೇಲೂ ರಿಪೇರಿ ಎಷ್ಟು ಸುಲಭ ಎಂಬುದನ್ನು 10ಕ್ಕೆ ಇಷ್ಟು ಅಂಕವೆಂದು ಮಾರುವಾಗಲೇ ತೋರಿಸಬೇಕೆಂಬ ನಿಯಮ ತಂದಿತು. ಕೈಪಿಡಿಗಳು ಸಿಗುತ್ತವೆಯೇ, ಬಿಡಿಭಾಗಗಳು ಎಷ್ಟು ವರ್ಷ ಸಿಗುತ್ತವೆ, ಅವುಗಳ ಬೆಲೆ ಎಷ್ಟು ಎಂಬುದೆಲ್ಲ ಆ ಅಂಕದಲ್ಲಿ ಸೇರುತ್ತದೆ. ಕೊಳ್ಳುವ ದಿನವೇ ಈ ಪ್ರಶ್ನೆಗಳು ನಮ್ಮ ಮುಂದೆ ಬಂದರೆ ವಾರಂಟಿ ಮುಗಿದ ಮೇಲೆ ಪರದಾಡುವುದು ಕಡಿಮೆಯಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಡೇಟಾ ವಿಷಯದಲ್ಲಿ. ಎಸ್‌ಎಸ್‌ಡಿ (ಕಡತಗಳೆಲ್ಲ ಉಳಿಯುವ ಡ್ರೈವ್) ಬಿಚ್ಚಿ ತೆಗೆಯಬಹುದಾದ ಎಂ.2 ಮಾದರಿಯದಾದರೆ ಸತ್ತ ಯಂತ್ರದಿಂದ ಅದನ್ನು ಹೊರತೆಗೆದು ಯುಎಸ್‌ಬಿ ಡಬ್ಬಿಯಲ್ಲಿ ಹಾಕಿ ಬೇರೆ ಕಂಪ್ಯೂಟರಿನಲ್ಲಿ ಓದಬಹುದು. ವಿಂಡೋಸ್ ಯಂತ್ರದಲ್ಲಿ ಡೇಟಾವನ್ನು ಗೂಢಲಿಪಿಯಾಗಿಸಿ ಬೀಗ ಹಾಕುವ ಬಿಟ್‌ಲಾಕರ್ ಚಾಲ್ತಿಯಲ್ಲಿದ್ದರೆ ಆಗ 48 ಅಂಕಿಗಳ ರಿಕವರಿ ಕೀ ಬೇಕೇ ಬೇಕು. ಬೋರ್ಡ್ ಬದಲಾಯಿಸಿದಾಗಲೂ ಅದೇ ಕೀ ಕೇಳುತ್ತದೆ, ಏಕೆಂದರೆ ಗೂಢಲಿಪಿಯ ಬೀಗವನ್ನು ತೆರೆಯುವ ಟಿಪಿಎಂ ಎಂಬ ಭದ್ರತಾ ಭಾಗ ಹಳೆಯ ಬೋರ್ಡಿನ ಜೊತೆಗೇ ಹೋಗಿರುತ್ತದೆ. ಎಷ್ಟೋ ಯಂತ್ರಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಕೂಡಲೇ ಈ ಬೀಗ ತಾನಾಗಿಯೇ ಬಿದ್ದಿರುತ್ತದೆ, ಕೀ ಆ ಖಾತೆಯಲ್ಲಿ ಉಳಿದಿರುತ್ತದೆ. ಬಳಸುವವರಿಗೆ ಎರಡೂ ಗೊತ್ತಿರುವುದಿಲ್ಲ. ಯಂತ್ರ ಚೆನ್ನಾಗಿರುವಾಗಲೇ ಆ ಕೀಯನ್ನು ಹುಡುಕಿ ಕಾಗದದ ಮೇಲೆ ಬರೆದಿಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಸಂಗ್ರಹವನ್ನೂ ಬೋರ್ಡಿಗೇ ಬೆಸೆದಿರುವ ಮಾದರಿಗಳಲ್ಲಿ ಬೋರ್ಡ್ ಬದಲಾಯಿಸಿದರೆ ಡೇಟಾ ಹೋದಂತೆಯೇ, ಹಾಗಾಗಿ ಬ್ಯಾಕಪ್ ಇಲ್ಲದವರಿಗೆ ಅಲ್ಲಿ ಚಿಪ್ ಲೆವೆಲ್ ರಿಪೇರಿಯೊಂದೇ ದಾರಿ. ನನ್ನ ಎಸ್‌ಎಸ್‌ಡಿಯನ್ನು ನಾನು ತೆಗೆದಿಟ್ಟುಕೊಂಡೇ ಬೋರ್ಡ್ ಕೊಟ್ಟೆ. ಶಾರ್ಟ್ ಹುಡುಕುವವರಿಗೆ ನಮ್ಮ ಫೋಟೋಗಳಾಗಲಿ, ಪಾಸ್‌ವರ್ಡ್ ಆಗಲಿ ಬೇಕಾಗುವುದಿಲ್ಲ. ಬೇಕೇ ಬೇಕೆಂದರೆ ಪರೀಕ್ಷೆಗೆಂದು ಬೇರೊಂದು ಖಾತೆ ಮಾಡಿಕೊಟ್ಟರೆ ಸಾಕು.

ಕೆಲಸ ಒಪ್ಪಿಸುವಾಗ ಪತ್ತೆಹಚ್ಚುವ ಕೂಲಿ ಎಷ್ಟು, ರಿಪೇರಿ ಆಗದಿದ್ದರೂ ಅದನ್ನು ಕೊಡಬೇಕೇ, ಮಾಡಿದ ಕೆಲಸಕ್ಕೆ ಎಷ್ಟು ದಿನದ ಗ್ಯಾರಂಟಿ, ಹಾಕುವ ಭಾಗ ಹೊಸದೋ ಬೇರೆ ಬೋರ್ಡಿನಿಂದ ಕಿತ್ತದ್ದೋ ಎಂಬುದನ್ನು ರಸೀದಿಯಲ್ಲಿ ಬರೆಸಿಕೊಳ್ಳಬೇಕು. ಸೀರಿಯಲ್ ನಂಬರ್ ಕೂಡ ಅಲ್ಲಿರಲಿ. ತೆಗೆದ ಭಾಗವನ್ನು ವಾಪಸ್ ಕೇಳುವುದರಲ್ಲಿ ಸಂಕೋಚ ಬೇಡ. ಯಂತ್ರ ಕೈಗೆ ಬಂದಾಗ ಹಣ ಕೊಡುವ ಮೊದಲೇ ಅಲ್ಲೇ ಕುಳಿತು ಚಾರ್ಜ್ ಏರುತ್ತಿದೆಯೇ, ಎಲ್ಲ ಪೋರ್ಟುಗಳೂ ಕೆಲಸ ಮಾಡುತ್ತಿವೆಯೇ, ಕ್ಯಾಮೆರಾ ಮತ್ತು ಸ್ಪೀಕರ್ ಸರಿಯಿವೆಯೇ, ಮುಚ್ಚಿ ತೆರೆದಾಗ ನಿದ್ರೆಯಿಂದ ಏಳುತ್ತದೆಯೇ ಎಂದು ನೋಡಬೇಕು. ವೈಫೈ ಸಿಗ್ನಲ್ ಮೊದಲಿಗಿಂತ ದುರ್ಬಲವಾಗಿದ್ದರೆ ಒಳಗೆ ಆ್ಯಂಟೆನಾದ ಎರಡು ಸಣ್ಣ ವೈರುಗಳಲ್ಲಿ ಒಂದನ್ನು ಜೋಡಿಸುವುದು ಬಿಟ್ಟುಹೋಗಿರುವ ಸಾಧ್ಯತೆ ಹೆಚ್ಚು. ಅದನ್ನು ಅಲ್ಲಿಯೇ ಹೇಳಿದರೆ ಮುಚ್ಚಳ ಬಿಚ್ಚಿ ಒಂದು ನಿಮಿಷದಲ್ಲಿ ಸರಿಮಾಡಿಕೊಡುತ್ತಾರೆ.