ಮೂರನೇ ಲೆವೆಲ್ ತಂಡದ ಎದುರು ಯಾರನ್ನು ನಿಲ್ಲಿಸಬೇಕು?

ಆಟಗಾರರು ತಲಾ ಒಂದು ಪಾತ್ರ ವಹಿಸಿ, ದಾಳ ಉರುಳಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟವನ್ನು ಹೊಸದಾಗಿ ನಡೆಸಲು ಹೊರಟವರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಒಂದೇ: ತಂಡದಲ್ಲಿ ನಾಲ್ವರಿದ್ದಾರೆ, ಎಲ್ಲರದೂ ಮೂರನೇ ಲೆವೆಲ್ (ಪಾತ್ರ ಬೆಳೆದಿರುವ ಹಂತ), ಚಾಲೆಂಜ್ ರೇಟಿಂಗ್ (ಶತ್ರುವಿನ ಬಲ ಹೇಳುವ ಅಂಕಿ) 3 ಇರುವ ಶತ್ರುವನ್ನು ತಂದು ನಿಲ್ಲಿಸಿದರೆ ಕಾಳಗ ಸರಿಸಮವಾಗುತ್ತದೆಯೇ? ಆಗುವುದಿಲ್ಲ. ಸರಿಸಮವಾಗಲಿ ಎಂದು ಆ ಅಂಕಿಯನ್ನು ರೂಪಿಸಿಯೂ ಇಲ್ಲ. 2000ರಲ್ಲಿ ಬಂದ ಮೂರನೇ ಆವೃತ್ತಿಯು ಚಾಲೆಂಜ್ ರೇಟಿಂಗನ್ನು ಪರಿಚಯಿಸಿದಾಗ ಅದರ ಹಿಂದೆ ಇದ್ದ ಲೆಕ್ಕ ಬೇರೆ: ತಂಡದ ಲೆವೆಲ್‌ಗೆ ತಕ್ಕ ಕಾಳಗವೊಂದು ತಂಡದ ಬಳಿಯಿರುವ ಮಂತ್ರ, ಹಿಟ್ ಪಾಯಿಂಟ್ (ಏಟು ತಾಳುವ ಶಕ್ತಿಯ ಅಂಕ) ಮುಂತಾದವುಗಳಲ್ಲಿ ಸುಮಾರು ಐದನೇ ಒಂದು ಪಾಲನ್ನು ಖರ್ಚು ಮಾಡಿಸಬೇಕು. ಗೆಲ್ಲುವುದು ತಂಡವೇ, ಎಷ್ಟು ತೆತ್ತು ಗೆಲ್ಲುತ್ತದೆ ಎಂಬುದಷ್ಟೇ ಪ್ರಶ್ನೆ.

ಐದನೇ ಆವೃತ್ತಿಯ 2014ರ ನಿಯಮಗಳನ್ನೇ ಇಲ್ಲಿ ಆಧಾರವಾಗಿ ಇಟ್ಟುಕೊಳ್ಳುತ್ತೇನೆ. ಅದರಲ್ಲಿ ಪ್ರತಿ ಲೆವೆಲ್‌ಗೂ ಸುಲಭ, ಮಧ್ಯಮ, ಕಠಿಣ, ಮಾರಕ ಎಂಬ ನಾಲ್ಕು ಮಿತಿಗಳಿವೆ. ಮೂರನೇ ಲೆವೆಲ್‌ನ ನಾಲ್ವರಿಗೆ ಅವು ಕ್ರಮವಾಗಿ 300, 600, 900 ಮತ್ತು 1,600 ಎಕ್ಸ್‌ಪಿ, ಅಂದರೆ ಶತ್ರುವನ್ನು ಸೋಲಿಸಿದರೆ ಸಿಗುವ ಅನುಭವದ ಅಂಕ. ಶತ್ರುಗಳ ಎಕ್ಸ್‌ಪಿಯನ್ನು ಕೂಡಿಸಿ, ಅವರು ಇಬ್ಬರಿದ್ದರೆ ಒಂದೂವರೆಯಿಂದ, ಮೂರರಿಂದ ಆರರವರೆಗಿದ್ದರೆ ಎರಡರಿಂದ, ಏಳರಿಂದ ಹತ್ತರವರೆಗಿದ್ದರೆ ಎರಡೂವರೆಯಿಂದ ಗುಣಿಸಿ, ಬಂದ ಮೊತ್ತವನ್ನು ಈ ಮಿತಿಗಳಿಗೆ ಹೋಲಿಸಬೇಕು. ಗುಣಿಸುವುದೇಕೆಂದರೆ, ಕಾಳಗವನ್ನು ತೀರ್ಮಾನಿಸುವುದು ಬಹುಮಟ್ಟಿಗೆ ಸರದಿಗಳ ಸಂಖ್ಯೆ. ಓಗರ್ ಎಂಬ ಒಬ್ಬಂಟಿ ದೈತ್ಯ ಒಂದು ಸುತ್ತಿನಲ್ಲಿ ಒಮ್ಮೆ ಗದೆ ಬೀಸುವಷ್ಟರಲ್ಲಿ ತಂಡ ನಾಲ್ಕು ಸಲ ಹೊಡೆದಿರುತ್ತದೆ. ಗಾಬ್ಲಿನ್ ಎಂಬ ಕುಳ್ಳ ಜೀವಿಗಳು ಎಂಟಿದ್ದರೆ ಲೆಕ್ಕ ತಿರುಗುಮುರುಗು.

ಆದರೂ ಈ ಮೊತ್ತವನ್ನು ಕಣ್ಣು ಮುಚ್ಚಿ ನಂಬುವಂತಿಲ್ಲ, ಏಕೆಂದರೆ ಲೆವೆಲ್ ಎಂಬುದು ಸಮಾನ ಎತ್ತರದ ಮೆಟ್ಟಿಲುಗಳ ಸಾಲಲ್ಲ. ಚಾಲೆಂಜ್ ರೇಟಿಂಗ್ 2 ಇರುವ ಓಗರ್‌ನ ಒಂದು ಏಟು ಸರಾಸರಿ 13, ಸಾಮಾನ್ಯ ಏಟಾದರೆ ಹೆಚ್ಚೆಂದರೆ 20 ಹಿಟ್ ಪಾಯಿಂಟ್ ಕಳೆಯುತ್ತದೆ. ಮೊದಲ ಲೆವೆಲ್‌ನಲ್ಲಿ 8 ಹಿಟ್ ಪಾಯಿಂಟ್ ಇರುವ ಮಾಂತ್ರಿಕನಿಗೆ ಆ ಏಟು 16 ಅಥವಾ ಅದಕ್ಕಿಂತ ಹೆಚ್ಚಾಗಿ ಬಿದ್ದರೆ ಅವನು ಮೂರ್ಛೆ ಹೋಗುವುದಿಲ್ಲ, ಅಲ್ಲೇ ಸಾಯುತ್ತಾನೆ. ಅದೇ ಮಾಂತ್ರಿಕ ಮೂರನೇ ಲೆವೆಲ್‌ಗೆ ಬಂದು 20 ಹಿಟ್ ಪಾಯಿಂಟ್ ಗಳಿಸಿದ ಮೇಲೆ, ಸರಾಸರಿ ಏಟು ತಿಂದರೂ ನಿಂತೇ ಇರುತ್ತಾನೆ. ಹೀಗಾಗಿ ನಾನು ಕೋಷ್ಟಕ ತೆರೆಯುವ ಮೊದಲು ನೋಡುವುದು ಶತ್ರುವಿನ ಒಂದೇ ಏಟಿಗೆ ತಂಡದ ಅತಿ ದುರ್ಬಲ ಪಾತ್ರ ಉಳಿಯುತ್ತದೆಯೇ ಎಂಬುದನ್ನು. ಉಳಿಯುವುದಿಲ್ಲವಾದರೆ ಮುಂದಿನ ಲೆಕ್ಕವೆಲ್ಲ ದಾಳದ ಕೈಯಲ್ಲಿರುತ್ತದೆ.

ಇದಕ್ಕೆ ತದ್ವಿರುದ್ಧವಾದ ನೆಗೆತ ಐದನೇ ಲೆವೆಲ್‌ನಲ್ಲಿ ಕಾಣುತ್ತದೆ. ಎಂಟು ಗಾಬ್ಲಿನ್‌ಗಳ 400 ಎಕ್ಸ್‌ಪಿಯನ್ನು ಎರಡೂವರೆಯಿಂದ ಗುಣಿಸಿದರೆ 1,000. ಮೂರನೇ ಲೆವೆಲ್‌ನವರಿಗೆ ಇದು ಕಠಿಣ, ಐದನೇ ಲೆವೆಲ್‌ನವರಿಗೆ ಸುಲಭ. ವಾಸ್ತವದಲ್ಲಿ ಸುಲಭ ಎನ್ನುವುದೂ ಹೆಚ್ಚಾಯಿತು. ಐದನೇ ಲೆವೆಲ್‌ನಲ್ಲಿ ಮಾಂತ್ರಿಕನಿಗೆ ದೊರೆಯುವ ಫೈರ್‌ಬಾಲ್ ಸರಾಸರಿ 28 ಹಿಟ್ ಪಾಯಿಂಟ್ ಸುಡುತ್ತದೆ, ತಪ್ಪಿಸಿಕೊಂಡವರಿಗೂ ಅದರ ಅರ್ಧ ತಗಲುತ್ತದೆ. ಗಾಬ್ಲಿನ್‌ಗೆ ಇರುವುದು 7. ಅವರೆಲ್ಲ ಒಂದೆಡೆ ಗುಂಪುಗೂಡಿ ನಿಂತಿದ್ದರೆ ಕಾಳಗ ಒಂದೇ ಸರದಿಗೆ ಮುಗಿಯಿತು. ಚದುರಿ, ಮರೆಯಲ್ಲಿ ನಿಂತು ಬಾಣ ಬಿಡುತ್ತಿದ್ದರೆ ಮಾತು ಬೇರೆ. ಎಲ್ಲಿ ನಿಂತಿದ್ದಾರೆ ಎಂಬುದಕ್ಕೆ ಎಕ್ಸ್‌ಪಿ ಇಲ್ಲ.

ನನಗೆ ಹೆಚ್ಚು ಭಯ ಹುಟ್ಟಿಸುವುದು ಚಿಕ್ಕ ಅಂಕಿಯ ಹಿಂದೆ ಅಡಗಿರುವ ವಿಶೇಷ ಶಕ್ತಿಗಳು. ಶ್ಯಾಡೋ ಎಂಬ ನೆರಳುಪ್ರೇತದ ಚಾಲೆಂಜ್ ರೇಟಿಂಗ್ ಕೇವಲ ಅರ್ಧ, ಎಕ್ಸ್‌ಪಿ 100. ಮೂರು ಶ್ಯಾಡೋಗಳೆಂದರೆ 300, ಎರಡರಿಂದ ಗುಣಿಸಿದರೆ 600, ಅಂದರೆ ನಮ್ಮ ನಾಲ್ವರಿಗೆ ಅಚ್ಚುಕಟ್ಟಾದ ಮಧ್ಯಮ ಕಾಳಗ. ಆದರೆ ಅದರ ಪ್ರತಿ ಸ್ಪರ್ಶವೂ ಬಲವನ್ನು ಒಂದರಿಂದ ನಾಲ್ಕರವರೆಗೆ ಹೀರುತ್ತದೆ, ಬಲ ಸೊನ್ನೆಗೆ ಇಳಿದವನು ಸಾಯುತ್ತಾನೆ. ಬಲ 8 ಇರುವ ಮಾಂತ್ರಿಕನಿಗೆ ದುರದೃಷ್ಟದ ಎರಡು ಸ್ಪರ್ಶ ಸಾಕು. ಬಲ ಹೆಚ್ಚಿರುವ ಯೋಧ ಇದೇ ಪ್ರೇತವನ್ನು ಲೆಕ್ಕಕ್ಕೇ ಇಟ್ಟುಕೊಳ್ಳದಿರಬಹುದು. ಟ್ರೋಲ್ ಎಂಬ ದೈತ್ಯಜೀವಿಯ ವಿಷಯವೂ ಹೀಗೆಯೇ: ಪ್ರತಿ ಸರದಿಗೂ 10 ಹಿಟ್ ಪಾಯಿಂಟ್ ಮರಳಿ ಪಡೆಯುವ ಅದನ್ನು ತಡೆಯಲು ಬೆಂಕಿ ಅಥವಾ ಆಮ್ಲ ಬೇಕು, ಅವೆರಡೂ ಇಲ್ಲದ ತಂಡಕ್ಕೆ ಅದರ ರೇಟಿಂಗ್ 5 ಎಂದು ಹೇಳುವುದು ಶುದ್ಧ ಸುಳ್ಳು.

ಇದೇ ಬಗೆಯ ಇನ್ನೊಂದು ಆಟವಾದ ಪಾತ್‌ಫೈಂಡರ್‌ನ 2019ರ ಎರಡನೇ ಆವೃತ್ತಿಯನ್ನು ಆಡುವವರು ಇಷ್ಟು ಅನುಮಾನಿಸಬೇಕಿಲ್ಲ. ಅಲ್ಲಿ ಪಳಗಿದ ಕೆಲಸಗಳ ಲೆಕ್ಕಕ್ಕೆಲ್ಲ ಲೆವೆಲ್ ಕೂಡುವುದರಿಂದ, ಶತ್ರುವಿನ ಲೆವೆಲ್ ಎರಡು ಹೆಚ್ಚಾದರೆ ಅವನ ತೂಕ ಇಮ್ಮಡಿ ಎಂಬ ನಿಯಮ ಹೆಚ್ಚುಕಡಿಮೆ ನಿಜವಾಗಿಯೇ ನಡೆಯುತ್ತದೆ.

ಇನ್ನೊಂದು ಕಾರಣಕ್ಕೂ ಅಂಕಿಗಳು ಸುಳ್ಳಾಗುತ್ತವೆ. 2014ರ ನಿಯಮಗಳು ಒಂದು ದಿನದಲ್ಲಿ ಆರರಿಂದ ಎಂಟು ಮಧ್ಯಮ ಅಥವಾ ಕಠಿಣ ಕಾಳಗಗಳನ್ನು ಊಹಿಸಿಕೊಂಡಿವೆ. ನಾನು ಕಂಡ ಹೆಚ್ಚಿನ ಮೇಜುಗಳಲ್ಲಿ ನಡೆಯುವುದು ಒಂದೋ ಎರಡೋ. ಎಲ್ಲ ಮಂತ್ರಗಳನ್ನೂ ಒಂದೇ ಕಾಳಗಕ್ಕೆ ಸುರಿಯಬಲ್ಲ ತಂಡಕ್ಕೆ ಕಠಿಣವೂ ಸಪ್ಪೆಯೆನಿಸುತ್ತದೆ, ಆಗ ಆಟ ನಡೆಸುವವರು ತಮ್ಮ ಲೆಕ್ಕ ತಪ್ಪಿತೆಂದು ಕೊರಗುತ್ತಾರೆ.

ಇಷ್ಟರ ಮೇಲೂ ಹೆಸರು ಹಿಡಿದು ಹೇಳಿ ಎನ್ನುವವರಿಗೆ: ದಿನದ ಮೊದಲ ಕಾಳಗವಾದರೆ ಒಂದು ಓಗರ್, ಎರಡು ಗಾಬ್ಲಿನ್. 450ಕ್ಕೆ 100 ಸೇರಿ 550, ಎದುರಾಳಿಗಳು ಮೂವರಾದ್ದರಿಂದ ಇಮ್ಮಡಿಯಾಗಿ 1,100. ಕಠಿಣ, ಆದರೆ ಮಾರಕದಿಂದ ದೂರ. ಇನ್ನೆರಡು ಗಾಬ್ಲಿನ್‌ಗಳನ್ನು ಬಾಗಿಲ ಹಿಂದೆ ಕಾಯಿಸಿಡಿ. ಎರಡನೇ ಸುತ್ತಿನ ಕೊನೆಗೆ ಓಗರ್ ನೆಲಕಚ್ಚಿದ್ದರೆ ಸದ್ದು ಕೇಳಿ ಅವು ಒಳಗೆ ನುಗ್ಗಲಿ, ಮಾಂತ್ರಿಕ ನೆಲಕಚ್ಚಿದ್ದರೆ ಅವು ಓಡಿಹೋಗಲಿ.